ಹೆಣಜೀರುಂಡೆಯೂ ಪಕ್ಕದ ಮನೆಯ ನಿಶ್ಚಿತಾರ್ಥವೂ

ನಾನು ಯಾರಿಗೂ ಕೆಡುಕು ಬಯಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಯಾಕೆಂದರೆ ಮುಳಬಾಗಿಲಿನ ನಮ್ಮ ಬೀದಿಯಲ್ಲಿ ನನ್ನನ್ನು ಕಂಡರೆ ರಸ್ತೆಯ ಆಚೆ ಪಕ್ಕಕ್ಕೆ ದಾಟಿಕೊಳ್ಳುವವರು ಈಗಲೂ ಒಂದಿಬ್ಬರು ಉಳಿದಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಮನೆಯನ್ನೇ ಬದಲಾಯಿಸುತ್ತಿದ್ದೆ!

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಕೋಲಾರದಲ್ಲಿ ನಮಗೆಲ್ಲ ಒಂದು ತರಬೇತಿ ಇಟ್ಟಿದ್ದರು. ಇಂಥ ತರಬೇತಿಗಳಲ್ಲಿ ಊಟದ ನಂತರದ ಹೊತ್ತನ್ನು ನಿದ್ದೆಗೆ ಮೀಸಲಿಡುವುದು ನನ್ನ ಪದ್ಧತಿ. ಅವತ್ತು ನನ್ನ ಸಾಲಿಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದುಹೋಗಿತ್ತು. ಹೋಳಿಗೆ ಇಲ್ಲದ ಊಟಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಎಚ್ಚರವಾಗಿ ಕೂತೆ. ಎಲ್ಲ ಅನಾಹುತಕ್ಕೂ ಮೂಲ ಅದೇ.

ಕೀಟಗಳ ಬಗ್ಗೆ ಚೆನ್ನಾಗಿ ಓದಿಕೊಂಡಿದ್ದ ಒಬ್ಬ ಹೆಣ್ಣುಮಗಳು ಪರದೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡುತ್ತಿದ್ದರು. ಎಳ್ಳಿಗಿಂತ ಚೂರೇ ಚೂರು ದೊಡ್ಡದಾದ, ಕಂದು ಬಣ್ಣದ, ಮೈಮೇಲೆ ನವಿರಾದ ಕೂದಲಿರುವ ಒಂದು ಜೀರುಂಡೆ. ಇಲಿಯೋ ಹಕ್ಕಿಯೋ ಸತ್ತು ಬಿದ್ದರೆ ಮೊದಲು ನೊಣ ಬರುತ್ತದಂತೆ. ನೊಣದ ಮರಿಹುಳುಗಳು ಮೆತ್ತನೆಯ ಮಾಂಸ ಮುಗಿಸುತ್ತವಂತೆ. ಆಮೇಲೆ ಇರುವೆಗಳು, ದೊಡ್ಡ ಜಾತಿಯ ಜೀರುಂಡೆಗಳು ತಮ್ಮ ಪಾಲು ತೆಗೆದುಕೊಳ್ಳುತ್ತವಂತೆ. ದೊಡ್ಡವರ ಊಟವೆಲ್ಲ ಆದಮೇಲೆ ಈ ಸಣ್ಣದು ಸದ್ದಿಲ್ಲದೆ ಬಂದು, ಮೂಲೆಮುಡುಕಿನಲ್ಲಿ ಉಳಿದ ಚೂರುಪಾರು, ಅದರ ಮೇಲೆ ಬೆಳೆದ ಬೂಷ್ಟು, ಎಲ್ಲವನ್ನೂ ತಿಂದು ಮಣ್ಣಿಗೆ ಸೇರಿಸುತ್ತದಂತೆ.

"ಇಂಥ ಜೀವಿಗಳೆಲ್ಲ ಸೇರಿ ಕೆಲಸ ಮಾಡದೆ ಇದ್ದಿದ್ದರೆ ನಾವು ಸತ್ತ ಪ್ರಾಣಿಗಳ ಮೇಲೆ ನಡೆದಾಡಬೇಕಾಗಿತ್ತು. ಆದರೆ ಈ ಸಣ್ಣದನ್ನು ಯಾರೂ ಗಮನಿಸೋದೇ ಇಲ್ಲ" ಎಂದರು ಆಕೆ.

ಎಲ್ಲರ ಊಟ ಮುಗಿದ ಮೇಲೆ ಬರುವವನ ಕಷ್ಟ, ಅವತ್ತು ಹೋಳಿಗೆ ಸಿಗದ ನನಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು? ನನ್ನ ಕಣ್ಣು ತೇವವಾಯಿತು. ಅಷ್ಟರಲ್ಲಿ ಆಕೆ, "ನಿಮ್ಮ ಕಡೆ ಇವನ್ನು ಯಾರೂ ಸರಿಯಾಗಿ ಹುಡುಕಿ ನೋಡಿಲ್ಲ. ನೀವೇ ನೋಡಬಹುದು, ಬಹಳ ಸುಲಭ" ಎಂದು ದಾರಿಯನ್ನೂ ಹೇಳಿಕೊಟ್ಟರು. ನೆಲದಲ್ಲಿ ಒಂದು ಪಾತ್ರೆಯನ್ನು ಕತ್ತಿನವರೆಗೆ ಹೂಳಬೇಕು. ಅದರ ಬಾಯಿಗೆ ಸತ್ತ ಪ್ರಾಣಿಯ ತುಣುಕನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಬೇಕು. ವಾಸನೆಗೆ ಜೀರುಂಡೆ ಬರುತ್ತದೆ, ಜಾರಿ ಒಳಗೆ ಬೀಳುತ್ತದೆ. ಅಷ್ಟೇ!

ಬಹಳ ಸುಲಭ ಎಂದು ಯಾರಾದರೂ ಹೇಳಿದ ಕೆಲಸವನ್ನು ನಾನು ಇವತ್ತಿನವರೆಗೆ ಸುಲಭವಾಗಿ ಮುಗಿಸಿದ್ದಿಲ್ಲ. ಆದರೂ ಬಸ್ಸಿನಲ್ಲಿ ಬರುವಾಗ ಎದೆ ಉಬ್ಬಿತ್ತು. ದಾರಿಯಲ್ಲೇ ಅದಕ್ಕೊಂದು ಕನ್ನಡದ ಹೆಸರನ್ನೂ ಇಟ್ಟೆ.

"ಕಿರು ಹೆಣಜೀರುಂಡೆ!" ಎಂದೆ ಮನೆಗೆ ಕಾಲಿಡುತ್ತಲೇ.

ನನ್ನ ಹೆಂಡತಿ ಸುಶೀಲ ದೇವರ ಮುಂದೆ ನಿಂತಿದ್ದಳು. "ಮುಸ್ಸಂಜೆ ಹೊತ್ತಲ್ಲಿ ಹೊಸಿಲು ದಾಟ್ತಾ ಆಡೋ ಮಾತಾ ಅದು? ಈಗ ತಾನೇ ದೀಪ ಹಚ್ಚಿದೀನಿ."

ಸುಶೀಲ ಶ್ರೀನಿವಾಸಪುರದ ಮಾವಿನ ತೋಟದವರ ಮಗಳು. ಹುಳ ಎಂದರೆ ಅವಳಿಗೆ ಗೊತ್ತಿರುವುದು ಮಾವಿನ ಓಟೆಯೊಳಗಿನ ಹುಳ ಒಂದೇ. ಅದಕ್ಕೆ ಮಾಡಬೇಕಾದ ಉಪಚಾರವೂ ಒಂದೇ, ಹೊಸಕುವುದು. ಹಾಗಾಗಿ ನಾನು ಊಟದ ಹೊತ್ತಿಗೆ ಇಡೀ ವಿಷಯವನ್ನು ಬಿಡಿಸಿ ಹೇಳಿದೆ. ನೊಣದಿಂದ ಶುರುಮಾಡಿ ಮರಿಹುಳುಗಳವರೆಗೆ ಬರುವಷ್ಟರಲ್ಲಿ ಅವಳು ತಟ್ಟೆ ಎತ್ತಿಕೊಂಡು ಎದ್ದಳು.

"ಏನಾದ್ರೂ ಮಾಡ್ಕೊಳ್ಳಿ. ನನ್ನ ಅಡುಗೆ ಪಾತ್ರೆ ಮುಟ್ಟಬಾರದು. ನನ್ನ ಕಿಟಕಿಗೆ ವಾಸನೆ ಬರಬಾರದು. ಆದಷ್ಟು ದೂರ ಇಟ್ಕೊಳ್ಳಿ" ಎಂದು ಷರತ್ತು ಹಾಕಿದಳು.

ಈ ಷರತ್ತುಗಳಿಗೆ ಒಳಪಟ್ಟು ನಾನು ಕಾರ್ಯಪ್ರವೃತ್ತನಾದೆ. ಮಾಡಿದ್ದೆಲ್ಲ ಶುದ್ಧ ವಿಜ್ಞಾನ. ಓದುಗರು ದಯವಿಟ್ಟು ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ಅಡುಗೆ ಪಾತ್ರೆ ಮುಟ್ಟುವಂತಿಲ್ಲವಲ್ಲ, ಅಟ್ಟದಲ್ಲಿ ಯಾವುದೋ ಮದುವೆಯಿಂದ ಬಂದ ಮಣ್ಣಿನ ಕುಡಿಕೆ ಇತ್ತು. ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದದ್ದು. ಅದನ್ನು ತೆಗೆದುಕೊಂಡೆ. ಇಲಿಬೋನಿನಲ್ಲಿ ಒಂದು ಸುಂಡಿಲಿ ಸಿಕ್ಕಿ ಸತ್ತಿತ್ತು. ಅದನ್ನು ಕಟ್ಟಲು ಬಟ್ಟೆ ಬೇಕು; ಸುಶೀಲಳಿಗೆ ಯಾರೋ ಕುಂಕುಮಕ್ಕೆ ಕರೆದು ಕೊಟ್ಟಿದ್ದ, ಅವಳಿಗೆ ಇಷ್ಟವಾಗದ ಒಂದು ಕೆಂಪು ರವಿಕೆ ಬಟ್ಟೆ ಸಿಕ್ಕಿತು. ದಾರ ಹುಡುಕಿದರೆ ಹಬ್ಬಕ್ಕೆ ತಂದು ಉಳಿದಿದ್ದ ಅರಿಶಿನದ ದಾರ ಬಿಟ್ಟರೆ ಬೇರೆ ಇರಲಿಲ್ಲ. ಇರುವೆಗಳು ಬಂದು ಇಲಿಯನ್ನು ಮುಗಿಸಬಾರದೆಂದು ಸುತ್ತಲೂ ಬೂದಿಯ ಗೆರೆ ಎಳೆದೆ. ನಾಯಿಗೆ ಹುಳಿ ವಾಸನೆಯೂ ಖಾರದ ಘಾಟೂ ಆಗುವುದಿಲ್ಲ. ಆದ್ದರಿಂದ ಕುಯ್ದ ನಿಂಬೆಹಣ್ಣು, ಒಂದಷ್ಟು ಒಣಮೆಣಸಿನಕಾಯಿ ಸುತ್ತ ಇಟ್ಟೆ.

ಇನ್ನು ಜಾಗ. ಹೆಂಡತಿಯ ಕಿಟಕಿಗೆ ಬಹು ದೂರದ, ನೆರಳು ತೇವ ಎರಡೂ ಇರುವ ಜಾಗವೆಂದರೆ ಹಿತ್ತಿಲಿನ ತುದಿಯಲ್ಲಿ, ನುಗ್ಗೆ ಮರದ ಕೆಳಗೆ. ನಮಗೂ ಪಕ್ಕದ ನಾರಾಯಣಪ್ಪನವರಿಗೂ ನಡುವೆ ಇರುವುದು ನೆಟ್ಟ ಕಲ್ಲು ಚಪ್ಪಡಿಗಳ ಸಾಲು. ಅದರಲ್ಲೊಂದು ಚಪ್ಪಡಿ ಬಿದ್ದುಹೋಗಿತ್ತು. ನೆರಳು ನೋಡುತ್ತ ನೋಡುತ್ತ ನಾನು ಅವರ ಕಡೆಗೆ ದಾಟಿ ಅಲ್ಲೇ ಕುಡಿಕೆ ಹೂತದ್ದು ಗೊತ್ತಾಗಲಿಲ್ಲ.

ಅವತ್ತು ಅಮಾವಾಸ್ಯೆ ಎನ್ನುವುದೂ ಗೊತ್ತಿರಲಿಲ್ಲ. ತರಬೇತಿಯಲ್ಲಿ ಅದನ್ನು ಹೇಳಿರಲಿಲ್ಲ.

ನಾರಾಯಣಪ್ಪನವರು ಟೊಮೇಟೊ ಮಂಡಿಯಲ್ಲಿ ವ್ಯವಹಾರ ನೋಡಿಕೊಳ್ಳುವವರು. ಹೆಂಡತಿ ರತ್ನಮ್ಮ. ಒಬ್ಬಳೇ ಮಗಳು ಪಲ್ಲವಿ, ನನ್ನ ಹಳೇ ವಿದ್ಯಾರ್ಥಿನಿ. ವೇಮಗಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವಳು ಅಲ್ಲೇ ಜೊತೆಯಲ್ಲಿ ಕೆಲಸ ಮಾಡುವ ಸಂತೋಷ್ ಎಂಬ ಹುಡುಗನನ್ನು ಮೆಚ್ಚಿ, ಎರಡೂ ಮನೆಯವರನ್ನು ಒಪ್ಪಿಸಿ ಸುಸ್ತಾಗಿದ್ದಳು. ಬರುವ ಭಾನುವಾರ ನಿಶ್ಚಿತಾರ್ಥ. ರತ್ನಮ್ಮನವರು ಮನೆ ಮೂಲೆಮೂಲೆ ತೊಳೆಯುತ್ತಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ರತ್ನಮ್ಮನವರ ಆ ನುಗ್ಗೆ ಮರದಿಂದ ನಮ್ಮ ಹಿತ್ತಿಲಿಗೆ ಕಂಬಳಿಹುಳ ಬೀಳುತ್ತಿದ್ದವು. ಅದರ ಮೇಲೆ ಸುಶೀಲಳಿಗೂ ರತ್ನಮ್ಮನವರಿಗೂ ಮಾತಿಗೆ ಮಾತು ಬೆಳೆದಿತ್ತು. ಕೊನೆಗೆ ಸುಶೀಲ, "ನಮ್ಮನೇಗೇ ಯಾಕೆ, ನಿಮ್ಮನೇಗೂ ಹುಳ ಬೀಳುತ್ತೆ ನೋಡ್ತಿರಿ!" ಎಂದು ಬಾಗಿಲು ಹಾಕಿಕೊಂಡಿದ್ದಳು. ಬೀದಿಯವರೆಲ್ಲ ಕೇಳಿಸಿಕೊಂಡಿದ್ದರು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಹಿತ್ತಿಲಿನಿಂದ ಒಂದು ಕೂಗು ಕೇಳಿಸಿತು.

"ಅಯ್ಯೋ ದೇವುಡಾ! ನನ್ ಮನೆ ಹಾಳಾಯ್ತಲ್ಲಪ್ಪೋ!"

ರತ್ನಮ್ಮ! ನಾನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿದೆ. ನುಗ್ಗೆ ಸೊಪ್ಪು ಕೀಳಲು ಬಂದಿದ್ದ ರತ್ನಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ನಾರಾಯಣಪ್ಪ ಬನಿಯನ್ನಿನಲ್ಲೇ ಬಂದರು. ಎದುರು ಮನೆಯ ಬಷೀರ್ ಭಾಯಿ ಬಂದ. ಅವನ ಹಿಂದೆ ಬೀದಿ ಬಂತು.

"ಮಾಟ!" ಎಂದಿತು ಒಂದು ದನಿ. "ಅರಿಶಿನದ ದಾರ ಕಟ್ಟವ್ರೆ!" ಇನ್ನೊಂದು. "ಬೂದಿ ಗೆರೆ ನೋಡ್ರೀ! ನಿಂಬೆಹಣ್ಣು ನೋಡ್ರೀ!" "ಅಮಾಸೆ ದಿನಾನೇ ಇಟ್ಟವ್ರೆ, ಅವತ್ತು ಸಂಜೆ ಇಲ್ಲೇನೋ ಸದ್ದಾಗಿತ್ತು!"

ಇವೆಲ್ಲ ನನ್ನ ಕಿವಿಗೆ ಬಿದ್ದವೇ ಹೊರತು ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿದ್ದ ಪ್ರಶ್ನೆ ಒಂದೇ. ಜನರ ನಡುವೆ ನುಗ್ಗಿ, ಮಂಡಿಯೂರಿ, ಕುಡಿಕೆಯೊಳಗೆ ಬಗ್ಗಿ ನೋಡಿದೆ. ತಳದಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆಗಳು ಚುರುಕಾಗಿ ಓಡಾಡುತ್ತಿದ್ದವು!

"ಬಿದ್ದಿದಾವೆ!" ಎಂದು ಕುಣಿದೆ. ಬಾಯಿಂದ ಪೇಸ್ಟಿನ ನೊರೆ ಸುರಿಯುತ್ತಿತ್ತು. "ಬಂದು ಬಿದ್ದಿದಾವೆ! ಎಲ್ಲಾ ನನ್ನವು!"

ಇಡೀ ಬೀದಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

ಆಗ ನನಗೆ ಸುತ್ತಲಿನ ಮುಖಗಳು ಕಂಡವು. ನೊರೆ ಒರೆಸಿಕೊಂಡು, ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಶುರುಮಾಡಿದೆ. "ಯಾರೂ ಗಾಬರಿಯಾಗಬೇಡಿ. ಇದು ಮಾಟವಲ್ಲ. ಇಟ್ಟಿದ್ದು ನಾನೇ. ಸತ್ತದ್ದನ್ನು ತಿನ್ನುವ ಹುಳಗಳನ್ನು ಕರೆಸೋದಕ್ಕೆ ಇಟ್ಟಿದ್ದು."

ಮದುವೆ ಮಾತಾದ ಮನೆಯ ಹಿತ್ತಿಲಿನಲ್ಲಿ ನಿಂತು ಆಡಬಹುದಾದ ಮಾತುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ ಎಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ರತ್ನಮ್ಮ ಕುಸಿದು ಕೂತರು. ನಾನು ಉತ್ಸಾಹದಿಂದ ಮುಂದುವರಿಸಿದೆ. "ಬೇಕಾದರೆ ನೀವೇ ನೋಡಿ. ಇದರ ಮೀಸೆಯಲ್ಲಿ ಎಂಟನೇ ಗಂಟು ಅಕ್ಕಪಕ್ಕದವಕ್ಕಿಂತ ಚಿಕ್ಕದಾಗಿರುತ್ತೆ, ಅದೇ ಗುರುತು. ಬರಿಗಣ್ಣಿಗೆ ಕಾಣಲ್ಲ. ಸುಶೀಲಾ! ಒಳಗಿಂದ ಆ ಭೂತಗನ್ನಡಿ ತಗೊಂಡು ಬಾ!"

"ಭೂತ ಅಂತಾವ್ರೆ!" ಎಂದು ಯಾರೋ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿದಳು.

ನಾರಾಯಣಪ್ಪ ಮಾತ್ರ ನನ್ನ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು, ಬಹಳ ಮೆಲ್ಲಗೆ ಕೇಳಿದರು. "ಮೇಷ್ಟ್ರೇ, ನಿಮ್ಮನ್ನ ನಾವು ಇವತ್ತು ನಿನ್ನೆ ನೋಡ್ತಿಲ್ಲ. ನಿಮಗೆ ಇಷ್ಟೆಲ್ಲಾ ಬರಲ್ಲ. ಯಾರನ್ನ ಉಳಿಸೋಕೆ ನೀವು ತಲೆ ಕೊಡ್ತಿದೀರಿ?"

ಎಲ್ಲರ ಕಣ್ಣೂ ಒಟ್ಟಿಗೆ ನಮ್ಮ ಅಡುಗೆಮನೆ ಬಾಗಿಲ ಕಡೆ ತಿರುಗಿದವು. ಅಲ್ಲಿ ಸುಶೀಲ, ಒಂದು ಕೈಯಲ್ಲಿ ಭೂತಗನ್ನಡಿ ಹಿಡಿದುಕೊಂಡು ನಿಂತಿದ್ದಳು. ಕೆಂಪು ರವಿಕೆ ಬಟ್ಟೆ ಅವಳ ಕಣ್ಣಿಗೆ ಬಿತ್ತು.

"ಅದು ನಂದಲ್ವಾ?" ಎಂದಳು.

ಮುಗಿಯಿತು! ಸಾಕ್ಷಿಯೇ ಬೇಕಿರಲಿಲ್ಲ.

"ಸುಡ್ರೀ ಅದನ್ನ!" ಎಂದರು ನಾರಾಯಣಪ್ಪ. ಯಾರೋ ಸೀಮೆಎಣ್ಣೆ ಹುಡುಕಲು ಹೋದರು. ನನ್ನ ಜೀವ ಬಾಯಿಗೆ ಬಂತು. ಈ ತಾಲ್ಲೂಕಿನಲ್ಲಿ ಮೊದಲ ಸಲ ಸಿಕ್ಕಿರಬಹುದಾದ ಕಿರು ಹೆಣಜೀರುಂಡೆಗಳು ಕಣ್ಣೆದುರೇ ಬೂದಿಯಾಗುವುದನ್ನು ನೋಡುತ್ತ ನಿಲ್ಲಲೇ? ಕುಡಿಕೆಗೆ ಕೈ ಹಾಕಿದೆ.

"ನಕ್ಕೋ ಮೇಷ್ಟ್ರೇ, ಬೇಡ, ನಕ್ಕೋ!" ಎಂದು ಬಷೀರ್ ಭಾಯಿ ಕೂಗಿದ. ಬೀದಿಯಲ್ಲಿ ನನ್ನ ಜೀವದ ಬಗ್ಗೆ ಕಾಳಜಿ ತೋರಿದವನು ಅವನೊಬ್ಬನೇ.

ಇಲಿಯ ಅವಶೇಷದ ಸಮೇತ ಜೀರುಂಡೆಗಳನ್ನು ಬಾಚಿ ತೆಗೆದೆ. ಗುಂಪಿನಲ್ಲಿ ಪಿಸುಮಾತು ಎದ್ದಿತು. "ಕೈ ಹಾಕಿದ್ರೂ ಅವರಿಗೆ ಏನೂ ಆಗಲಿಲ್ಲ ನೋಡು." "ಮಾಡ್ದೋರಿಗೆ ಏನೂ ಆಗಲ್ಲ ಬಿಡು."

ಅವತ್ತು ಮನೆಯಲ್ಲಿ ಅನ್ನ ಬಂತು, ಸಾರು ಬಂತು, ಮಾತು ಬರಲಿಲ್ಲ. ಸಾಯಂಕಾಲ ಒಂದೇ ಒಂದು ಮಾತು ಬಂತು. "ಮದುವೆಯಾಗಿ ಬಂದಾಗಿಂದ ಈ ಬೀದಿಯಲ್ಲಿ ನಂಗೆ ಇದ್ದದ್ದು ಒಂದು ಒಳ್ಳೇ ಹೆಸರು. ಅದನ್ನೂ ನಿಮ್ಮ ಹುಳಕ್ಕೆ ತಿನ್ನಿಸಿದ್ರಾ?"

ಇತ್ತ ಸುದ್ದಿ ಪ್ರಯಾಣ ಹೊರಟಿತ್ತು. ರತ್ನಮ್ಮ ಕುರುಡುಮಲೆ ಗಣಪನಿಗೆ ಹರಕೆ ಹೊತ್ತು, ಅದನ್ನು ಶ್ರೀನಿವಾಸಪುರದ ಅಕ್ಕನಿಗೆ ಫೋನ್ ಮಾಡಿ ಹೇಳಿದರು. ಅಕ್ಕ ಮಾಲೂರಿನ ನಾದಿನಿಗೆ ಹೇಳಿದಳು. ನಾದಿನಿಯ ಗಂಡ ಬೆಳಗಿನ ರೈಲಿನಲ್ಲಿ ಯಾರಿಗೋ ಹೇಳಿದ. ಅಲ್ಲಿಂದ ಅದು ಹೇಗೋ ಹುಡುಗನ ಊರು ವೇಮಗಲ್ ಮುಟ್ಟಿತು. ಹೊರಟಾಗ ಒಂದು ಸುಂಡಿಲಿ ಇದ್ದದ್ದು, ವೇಮಗಲ್ ತಲಪುವಷ್ಟರಲ್ಲಿ ಕರಿ ಕೋಳಿ, ತಲೆಬುರುಡೆ, ಮೂರು ದಾರಿ ಕೂಡುವಲ್ಲಿ ರಕ್ತ ಇಷ್ಟೂ ಆಗಿತ್ತು. ಹುಡುಗನ ಮನೆಯಿಂದ ಫೋನ್ ಬಂತು: "ಈಗ ಬೇಡ, ಸ್ವಲ್ಪ ಮುಂದಕ್ಕೆ ಹಾಕೋಣ. ನಮ್ಮಜ್ಜಿ ಒಪ್ತಾ ಇಲ್ಲ."

ಮುಂದಕ್ಕೆ ಹಾಕುವುದು ಎಂದರೇನು ಎಂದು ಮದುವೆ ಮಾತು ಆಡಿದವರಿಗೆಲ್ಲ ಗೊತ್ತು.

ಪಲ್ಲವಿ ನಮ್ಮ ಮನೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಆದರೂ ಮಾತು ಗಟ್ಟಿಯಾಗಿತ್ತು.

"ಸಾರ್, ಅದು ಆಂಟಿ ಮಾಡಿದ್ದಲ್ಲ. ನೀವೇ ಮಾಡಿರೋದು. ನಂಗೆ ಗೊತ್ತು."

"ಹೇಗಮ್ಮಾ ನಂಬಿದೆ? ನಿಮ್ಮಪ್ಪನೇ ನಂಬಲಿಲ್ಲ."

"ಎಂಟನೇ ಕ್ಲಾಸಲ್ಲಿ ಕಪ್ಪೆ ತೋರಿಸ್ತೀನಿ ಅಂತ ಡಬ್ಬಿ ತಂದಿದ್ರಿ. ಡಬ್ಬಿ ತೆಗೆದ್ರೆ ಕಪ್ಪೆ ಇರಲಿಲ್ಲ. ಆಮೇಲೆ ಹೆಡ್‌ಮಾಸ್ಟರ್ ಊಟದ ಕ್ಯಾರಿಯರ್ ಪಕ್ಕದಲ್ಲಿ ಸಿಕ್ತು. ನಿಮ್ಮ ಕ್ಲಾಸಲ್ಲಿ ಕೂತಿದ್ದೋರಿಗೆ ಇದು ಯಾರ ಕೆಲಸ ಅಂತ ಹೇಳಬೇಕಾ ಸಾರ್?"

ನನ್ನ ಸೇವಾವಧಿಯಲ್ಲಿ ನನ್ನ ಮೇಲೆ ಯಾರೂ ಇಷ್ಟು ವಿಶ್ವಾಸ ಇಟ್ಟಿರಲಿಲ್ಲ!

"ಅಮ್ಮ ಎರಡು ದಿನದಿಂದ ಊಟ ಮಾಡಿಲ್ಲ" ಎಂದಳು ಪಲ್ಲವಿ, ದನಿ ಇಳಿಸಿ. "ಸಂತೋಷ್ ಅವರಜ್ಜಿ ಮಾತು ಅಂದ್ರೆ ಅಲ್ಲಿ ಯಾರೂ ಎದುರಾಡಲ್ಲ. ನೀವು ಬಂದು ಅವರಿಗೆ ಹೇಳಿ ಸಾರ್. ನಂಗೆ ಮಾಡಿದ ಹಾಗೆ ಪಾಠ ಮಾಡಬೇಡಿ. ಸುಮ್ನೆ ಹೇಳಿ."

ಆ ಹುಡುಗಿಯ ಮುಖ ನೋಡಿ ನನಗೆ ಮೊದಲ ಸಲ ತಮಾಷೆ ಅನ್ನಿಸಲಿಲ್ಲ. ಎಳ್ಳಿನಷ್ಟು ಹುಳ ನೋಡುವ ಚಪಲಕ್ಕೆ ಒಂದು ಮನೆಯ ಒಲೆ ಹತ್ತದೆ ಕೂತಿತ್ತು. ಹೊರಡಲು ಒಪ್ಪಿದೆ. ಒಪ್ಪದೆ ಇದ್ದಿದ್ದರೂ ಸುಶೀಲ ಎಳೆದುಕೊಂಡು ಹೋಗುತ್ತಿದ್ದಳು.

ಬಷೀರ್ ಭಾಯಿಯದು ಸೋಫಾಗಳಿಗೆ ಬಟ್ಟೆ ಹೊಲಿದು ಕೂರಿಸುವ ಕೆಲಸ. ವೇಮಗಲ್ ಕಡೆಯ ಗಿರಾಕಿಯೊಬ್ಬರ ಸೋಫಾ ತಲುಪಿಸಬೇಕಿತ್ತು. ಅವನ ವ್ಯಾನಿನಲ್ಲೇ ಹೊರಟೆವು. ನಾರಾಯಣಪ್ಪ ಮುಂದೆ ಕೂತು ಹಿಂದಕ್ಕೆ ತಿರುಗಲೇ ಇಲ್ಲ. ನಾನೂ ಸುಶೀಲಳೂ ಹಿಂದೆ, ಪ್ಲಾಸ್ಟಿಕ್ ಹೊದಿಸಿದ ಹೊಸ ಸೋಫಾದ ಮೇಲೆ, ಆರತಕ್ಷತೆಯ ಗಂಡು ಹೆಣ್ಣಿನ ಹಾಗೆ ಕೂತೆವು. ಒಂದೇ ವ್ಯತ್ಯಾಸ. ಗಂಡಿನ ತೊಡೆಯ ಮೇಲೆ ಒಂದು ಬಾಟಲಿ ಇತ್ತು.

"ಅದೇನ್ರೀ ಅದು?" ಎಂದಳು ಸುಶೀಲ.

"ಸಾಕ್ಷಿ" ಎಂದೆ ಗಂಭೀರವಾಗಿ. "ಕಣ್ಣಾರೆ ಕಂಡರೆ ಯಾರಾದರೂ ನಂಬುತ್ತಾರೆ. ಜೀರುಂಡೆ ಉಸಿರಾಡಲಿ ಅಂತ ಮುಚ್ಚಳಕ್ಕೆ ಮೊಳೆ ಹೊಡೆದು ತೂತು ಮಾಡಿದೀನಿ."

ಮುಂದಿನಿಂದ ಬಷೀರ್ ಭಾಯಿ ಮೂಗು ಎಳೆದ. "ಮೇಷ್ಟ್ರೇ, ಅವು ಉಸಿರಾಡ್ತಾವೆ ಸರಿ. ನಾವು?" ನಾರಾಯಣಪ್ಪ ಕಿಟಕಿ ಗಾಜು ಪೂರ್ತಿ ಇಳಿಸಿದರು.

ಸಂತೋಷನ ಮನೆಯಲ್ಲಿ ನಮ್ಮನ್ನು ಕೂರಿಸಿದರು. ಮುಖ ಯಾರದೂ ಅರಳಿರಲಿಲ್ಲ. ಆದರೂ ಮನೆಗೆ ಬಂದವರಿಗೆ ತಿನ್ನಲು ಕೊಡದೆ ಇರುವ ಪೈಕಿಯವರಲ್ಲ. ತಟ್ಟೆ ತುಂಬ ಎಳ್ಳು ಹಾಕಿದ ಚಕ್ಕುಲಿ ತಂದಿಟ್ಟರು. ದಿವಾನದ ಮೇಲೆ ಅಜ್ಜಿ ಅಕ್ಕಯಮ್ಮ ಎಲೆಅಡಿಕೆ ಕುಟ್ಟುತ್ತ ಕೂತಿದ್ದರು. ಬೆಳ್ಳಗಿನ ತಲೆ, ಸೂಜಿಯಂಥ ಕಣ್ಣು. ಹುಡುಗನ ಅಪ್ಪ, ಅಮ್ಮ, ಸಂತೋಷ್ ಮೂವರೂ ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದರು.

"ಚೆಪ್ಪಯ್ಯಾ" ಎಂದರು ಅಜ್ಜಿ ನನಗೆ. "ಹೇಳು. ನೀನೇನಾ ಇಟ್ಟಿದ್ದು?"

"ನಾನೇ ತಾಯಿ. ಆದರೆ ಅದು ಮಾಟವಲ್ಲ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಸುಶೀಲ ನನ್ನ ಕಾಲು ತುಳಿದಳು. ಪಲ್ಲವಿ ಪಾಠ ಬೇಡ ಎಂದಿದ್ದಳು. ಆದರೆ ಕೇಳುವವರು ಸಾಲಾಗಿ ಎದುರಿಗೆ ನಿಂತಿದ್ದಾರೆ, ಎಲ್ಲರೂ ಎಚ್ಚರವಾಗಿದ್ದಾರೆ. ಇಂಥ ತರಗತಿ ಮೇಷ್ಟ್ರಿಗೆ ಮತ್ತೆ ಯಾವಾಗ ಸಿಗಬೇಕು? ಎದ್ದು ನಿಂತೆ.

"ತಾಯಿ, ಒಂದು ಪ್ರಾಣಿ ಸತ್ತರೆ ಅದು ಎಲ್ಲಿಗೆ ಹೋಗುತ್ತೆ? ಎಲ್ಲಿಗೂ ಹೋಗಲ್ಲ, ಮಣ್ಣಾಗುತ್ತೆ. ತಾನಾಗೇ ಆಗುತ್ತಾ? ಇಲ್ಲ. ಅದಕ್ಕೆ ದುಡಿಯೋ ಜೀವಗಳಿದಾವೆ. ಅದರಲ್ಲಿ ತೀರಾ ಸಣ್ಣದು, ತೀರಾ ಮರ್ಯಾದಸ್ಥ ಜೀವಿ ಇದು. ಬದುಕಿರೋದನ್ನ ಮುಟ್ಟಲ್ಲ. ಯಾರನ್ನೂ ಕಚ್ಚಲ್ಲ. ಉಳಿದದ್ದನ್ನ ಗುಡಿಸಿ, ಮಣ್ಣಿಗೆ ಸತ್ವ ಸೇರಿಸಿ, ತನ್ನ ಪಾಡಿಗೆ ತಾನು ಎಲೆ ಕಸದಡಿ ಹೋಗಿ ಕೂರುತ್ತೆ. ನಿಮ್ಮ ಹೊಲದ ರಾಗಿ ಬೆಳೆಯೋ ಮಣ್ಣಲ್ಲಿ ಇದರ ಪಾಲೂ ಇದೆ. ನೋಡಿ!"

ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದೆ.

ಬಾಟಲಿಯಲ್ಲಿ ಇಲಿಯ ಬಾಲ ಇತ್ತು. ಸ್ವಲ್ಪ ಚರ್ಮ ಇತ್ತು. ಜೀರುಂಡೆ ಒಂದೂ ಇರಲಿಲ್ಲ!

ಆಗ ಮುಚ್ಚಳದ ಕಡೆ ನೋಡಿದೆ. ನಾನು ಹೊಡೆದ ಮೊಳೆ ದೊಡ್ಡದು. ತೂತುಗಳು ಜೀರುಂಡೆಗಿಂತ ದೊಡ್ಡವು. ಉಸಿರಾಡಲೆಂದು ಮಾಡಿಕೊಟ್ಟ ಕಿಂಡಿಗಳಲ್ಲಿ ಅವು ಒಂದೊಂದಾಗಿ ಹೊರಟುಹೋಗಿದ್ದವು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎತ್ತಿ ಹೊಡೆದ ಹಾಗಾಯಿತು ನನಗೆ. ಹುಡುಗನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಇಲಿಯ ಬಾಲ ಹಿಡಿದುಕೊಂಡು ಸಂಬಂಧ ಕೂಡಿಸಲು ಹೋದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಾರ.

"ಇದ್ದವು" ಎಂದೆ ಕ್ಷೀಣವಾಗಿ. "ಹೊರಡುವಾಗ ಇದ್ದವು."

ಆ ಹೊತ್ತಿಗೆ, ಏನು ಮಾಡಬೇಕೋ ತಿಳಿಯದೆ ನಾರಾಯಣಪ್ಪ ತಟ್ಟೆಯಿಂದ ಒಂದು ಚಕ್ಕುಲಿ ತೆಗೆದುಕೊಂಡರು. ಬಾಯಿಯ ಹತ್ತಿರ ತಂದರು. ಹಾಗೇ ನಿಂತರು. ಚಕ್ಕುಲಿಯನ್ನು ಕಣ್ಣಿನ ಹತ್ತಿರ ತಂದರು.

"ಎಳ್ಳು ನಡೀತೈತೆ" ಎಂದರು.

ಬಷೀರ್ ಭಾಯಿ ಅಷ್ಟರಲ್ಲಾಗಲೇ ಒಂದಷ್ಟು ಚಕ್ಕುಲಿ ಮುಗಿಸಿದ್ದ. ಅವನ ದವಡೆ ಅರ್ಧದಲ್ಲೇ ನಿಂತಿತು. "ಮೇಷ್ಟ್ರೇ" ಎಂದ, ಬಹಳ ದೀನನಾಗಿ, "ನಾನು ತಿಂದಿದ್ದು ಎಳ್ಳೇ ತಾನೇ?"

ನನಗೆ ಮಾತ್ರ ಹೋದ ಪ್ರಾಣ ಬಂತು. "ಅದೇ! ಅದೇ ನೋಡಿ! ಅದನ್ನ ಬಿಡಬೇಡಿ, ಮೀಸೆಯ ಎಂಟನೇ ಗಂಟು..." ಎಂದು ನಾರಾಯಣಪ್ಪನವರ ಚಕ್ಕುಲಿಗೆ ಕೈ ಹಾಕಿದೆ. ಅವರು ಕೊಡವಿದರು. ಜೀರುಂಡೆ ಹಾರಿತು. ನಾನು ಅದರ ಹಿಂದೆ ಹಾರಿದೆ. ದಿವಾನದ ಕಾಲಿಗೆ ಎಡವಿ ಅಜ್ಜಿಯ ಪಾದದ ಹತ್ತಿರ ಬಿದ್ದೆ. ಸಾಷ್ಟಾಂಗ ನಮಸ್ಕಾರವನ್ನು ಇಷ್ಟು ಪೂರ್ಣವಾಗಿ ನಾನು ದೇವಸ್ಥಾನದಲ್ಲೂ ಮಾಡಿದ್ದಿಲ್ಲ.

ಅಕ್ಕಯಮ್ಮ ಕುಟ್ಟುವುದನ್ನು ನಿಲ್ಲಿಸಿ ಬಗ್ಗಿ ನೋಡಿದರು. "ಮೇಷ್ಟ್ರೇ, ನಿನ್ನ ಕಾಲರ್ ಮೇಲೆ ಇನ್ನೊಂದು ಹರೀತೈತೆ."

"ಅದೇ ತಾಯಿ, ಅದೇ ಹುಳ" ಎಂದೆ ಬಿದ್ದಲ್ಲಿಂದಲೇ.

"ಅದು ಸತ್ತದ್ದನ್ನ ಮಾತ್ರ ತಿನ್ನೋದು ಅಂದ್ಯಲ್ಲ?"

"ಹೌದು ತಾಯಿ. ಸತ್ತದ್ದು ಮಾತ್ರ."

"ಮತ್ತೆ ನಿನ್ನ ಮೇಲೆ ಯಾಕೆ ಹರೀತೈತೆ?"

ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ. ಸುಶೀಲಳೇ ಇರಬೇಕು ಎಂದು ನನ್ನ ಅನುಮಾನ. ಆ ಬಳಿಕ ಸಂತೋಷ್ ನಕ್ಕ, ಅವನ ಅಪ್ಪ ನಕ್ಕರು, ಅಮ್ಮ ಸೆರಗಿನೊಳಗೆ ನಕ್ಕರು. ಕೊನೆಗೆ ನಾರಾಯಣಪ್ಪನವರ ಹೊಟ್ಟೆ ಅಲುಗಾಡತೊಡಗಿತು. ಬಷೀರ್ ಭಾಯಿ ಒಬ್ಬ ನಗಲಿಲ್ಲ. ಅವನು ನೀರು ಕುಡಿಯುತ್ತಿದ್ದ.

ಅಜ್ಜಿ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು. "ಲೇ, ಇವನು ಮಾಟ ಮಾಡ್ತಾನಾ? ಇವನಿಗೆ ಮಾಟ ಮಾಡೋಕೆ ಬಂದರೆ ಅದು ಅವನಿಗೇ ತಗಲ್ಕೊಳ್ಳುತ್ತೆ." ನಾನು ಕೃತಜ್ಞತೆಯಿಂದ ತಲೆಯಾಡಿಸಿದೆ. "ಇವನ ಪಕ್ಕದ ಮನೇಲಿ ಇದ್ಕೊಂಡು, ಇಷ್ಟು ವರ್ಷ ಜಗಳ ಆಡದೆ, ಮನೆ ಬಿಟ್ಟು ಓಡಿಹೋಗದೆ ಸಂಸಾರ ಮಾಡವ್ರೆ ಅಂದ್ರೆ ಅವರದು ಎಂಥಾ ತಾಳ್ಮೆ ಇರಬೇಕು ನೋಡು! ಆ ಮನೆ ಹೆಣ್ಣನ್ನ ಬಿಡಬಾರದು ಕಣೋ. ಭಾನುವಾರವೇ ಇಟ್ಕೊಳ್ಳಿ."

ಹೀಗೆ ನನ್ನ ವಿಜ್ಞಾನದಿಂದ ಆಗದೆ ಇದ್ದದ್ದು ನನ್ನ ಯೋಗ್ಯತೆಯಿಂದ ಆಯಿತು.

ಭಾನುವಾರದ ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಅದಕ್ಕೂ ಮುಂಚೆ ರತ್ನಮ್ಮನವರೇ ನಮ್ಮ ಮನೆಗೆ ಬಂದು ಸುಶೀಲಳ ಕೈ ಹಿಡಿದುಕೊಂಡು ಅತ್ತರು, ಸುಶೀಲಳೂ ಅತ್ತಳು. "ನಿನ್ನ ಮೇಲೆ ಹಂಗೆ ಅನುಮಾನ ಪಡಬಾರದಿತ್ತು ಕಣೇ" ಎಂದು ಇವರು, "ನಾನು ಹುಳದ ಮಾತು ಆಡಬಾರದಿತ್ತು ಕಣಕ್ಕಾ" ಎಂದು ಅವಳು. ಇಬ್ಬರೂ ಸೇರಿ ಎಲ್ಲ ತಪ್ಪಿಗೂ ಹೊಣೆ ಯಾರೆಂದು ನಿರ್ಧರಿಸಿದರು. ಅಡ್ಡಗೋಡೆಯ ಈಚೆಯಿಂದ ನನಗೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಿಶ್ಚಿತಾರ್ಥದ ತಟ್ಟೆ ಬದಲಾಯಿಸುವಾಗ ಸುಶೀಲಳನ್ನು ಮುಂದೆ ಕರೆದು ಆರತಿ ಎತ್ತಿಸಿದರು. ಪಲ್ಲವಿ ನನ್ನ ಕಾಲಿಗೆ ನಮಸ್ಕಾರ ಮಾಡಲು ಬಂದಳು, ಬಗ್ಗುವ ಮೊದಲು ನನ್ನ ಜೇಬನ್ನು ಒಮ್ಮೆ ಪರೀಕ್ಷೆ ಮಾಡುವ ಕಣ್ಣಿನಿಂದ ನೋಡಿದಳು.

ಅಕ್ಕಯಮ್ಮ ಮಾತ್ರ ನೆಂಟರಿಷ್ಟರಿಗೆಲ್ಲ ನನ್ನನ್ನು ಕೈತೋರಿಸಿ ಪರಿಚಯ ಮಾಡಿಕೊಟ್ಟರು. "ಇವರೇ ಆ ಮೇಷ್ಟ್ರು. ಯಾರ ಮನೇಲಾದ್ರೂ ಇಲಿ ಗಿಲಿ ಸತ್ತಿದ್ರೆ ಹೇಳಿ, ಬಂದು ತಗೊಂಡ್ಹೋಗ್ತಾರೆ."

ತಮಾಷೆಗೆ ಹೇಳಿದರು ಎಂದುಕೊಂಡೆ. ಅಲ್ಲ. ಮಾರನೇ ವಾರದಿಂದ ಫೋನ್ ಶುರುವಾಯಿತು. "ಸಾರ್, ನಮ್ಮ ಅಟ್ಟದಲ್ಲಿ ಏನೋ ವಾಸನೆ, ನಿಮಗೆ ಬೇಕಾ?" "ಮೇಷ್ಟ್ರೇ, ಮಂಡಿ ಹಿಂದೆ ಒಂದು ಹೆಗ್ಗಣ ಬಿದ್ದೈತೆ, ಫ್ರೆಶ್ಶು!" ಜನ ಪ್ರೀತಿಯಿಂದ ಕರೆಯುವಾಗ ಇಲ್ಲ ಎನ್ನುವುದು ಹೇಗೆ? ಒಂದು ಸನಿಕೆ, ಒಂದು ಹಳೇ ಗೋಣಿಚೀಲ ತಗೊಂಡು ಹೋಗುತ್ತೇನೆ. ಸಿಕ್ಕಿದ್ದನ್ನು ಊರಾಚೆ ಮರದಡಿ ಇಟ್ಟು, ಕೆಲವು ದಿನ ಬಿಟ್ಟು ಹೋಗಿ, ಹೊಟ್ಟೆಯ ಮೇಲೆ ಮಲಗಿ, ಭೂತಗನ್ನಡಿ ಹಿಡಿದು ನೋಡುತ್ತೇನೆ. ಕೆಲವು ಸಲ ಅವು ಬಂದಿರುತ್ತವೆ. ಆ ಹೊತ್ತಿನ ಸಂತೋಷವನ್ನು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ಹೇಳುವುದಿಲ್ಲ.

ಮೊನ್ನೆ ವೇಮಗಲ್ಲಿನಿಂದ ಅಕ್ಕಯಮ್ಮನೇ ಫೋನ್ ಮಾಡಿಸಿದರು. ಹುಲ್ಲಿನ ಮೆದೆಯ ಕೆಳಗೆ ಒಂದು ಮುಂಗುಸಿ ಸತ್ತಿದೆಯಂತೆ. "ನೀವು ಬಸ್ಸಿಗೆ ಕಾಯಬೇಡಿ, ಅಜ್ಜಿ ನಿಮಗೋಸ್ಕರ ಗಾಡಿ ಕಳಿಸ್ತಾವ್ರೆ" ಎಂದ ಸಂತೋಷ್.

ನನಗೋಸ್ಕರ ಗಾಡಿ! ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಯಾರೂ ಸೈಕಲ್ ಕೂಡ ಕಳಿಸಿರಲಿಲ್ಲ. "ನೋಡಿದ್ಯಾ? ವಿದ್ಯೆಗೆ ಬೆಲೆ ಇದೆ" ಎಂದು ಸುಶೀಲಳಿಗೆ ಹೇಳಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತೆ. ಬೀದಿಯವರೆಲ್ಲ ನೋಡುತ್ತಿದ್ದಾಗ ಗಾಡಿ ಬಂತು. ಸಾಮಾನು ಸಾಗಿಸುವ ಟೆಂಪೊ.

ಇರಲಿ, ಗಾಡಿ ಗಾಡಿಯೇ. ಗತ್ತಿನಿಂದ ಮುಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ಶುಭ್ರವಾದ ಟವಲ್ ಹಾಸಿತ್ತು.

"ಎಲ್ಲಿ ಕೂರಲಪ್ಪಾ?" ಎಂದು ಬೇಕೆಂದೇ ಗಟ್ಟಿಯಾಗಿ ಕೇಳಿದೆ.

"ಮುಂದೇನೇ ಕೂತ್ಕೊಳ್ಳಿ ಸಾರ್" ಎಂದ ಡ್ರೈವರ್, ಅಷ್ಟೇ ಗಟ್ಟಿಯಾಗಿ. "ಅಜ್ಜಿ ಹೇಳಿ ಕಳಿಸವ್ರೆ. ಬರೋವಾಗ ಮರ್ಯಾದೆಯಿಂದ ಮುಂದೆ ಕೂರಿಸ್ಕೊಂಡು ಬಾ, ವಾಪಸ್ ಬಿಡೋವಾಗ ಹಿಂದೆ ಹಾಕ್ಕೊಂಡು ಹೋಗು ಅಂತ."